ನಡಾವಳಿ

ಜುಲೈ ಒಂಬತ್ತು. ಬೂಗ್ ನದಿಯ ಈಚೆ ದಡ, ನಮ್ಮ ಪಂಚಾಯಿತಿ ಕಚೇರಿ.
ಹಾಜರಿ: ಹದಿನೈದರಲ್ಲಿ ಹದಿಮೂರು.
ಬರೆಯುವವಳು ನಾನು, ಲುದ್ವಿಕಾ,
ಇಪ್ಪತ್ತೆರಡು ವರ್ಷದಿಂದ ಮೇಜಿನ ಇದೇ ಮೂಲೆಯಲ್ಲಿ
ಆಡಿದ ಮಾತನ್ನು ಆಡಬೇಕಿದ್ದ ಮಾತಾಗಿ
ತಿದ್ದುತ್ತ ಬಂದವಳು.

ವಿಷಯ ಒಂದು: ಕೈಗಾರಿಕಾ ವಲಯದ ಬೀದಿದೀಪದ ಬಿಲ್ಲು.
ಹನ್ನೆರಡು ಹೆಕ್ಟೇರು. ಡಾಂಬರು ಹೊಸದು, ಚರಂಡಿ ಹೊಸದು,
ಕಂಬ ನಲವತ್ತು, ಕಾರ್ಖಾನೆ ಸೊನ್ನೆ.
ಬರುತ್ತಾರೆ, ಎಂದರು ಅಧ್ಯಕ್ಷರು.
ಅಣಬೆ ಬೆಳೆಯುವ ಡಚ್ಚರೊಬ್ಬರು ಬಂದಿದ್ದರಂತೆ,
ಮಣ್ಣು ಮುಟ್ಟಿ ನೋಡಿ ತಲೆಯಾಡಿಸಿ ಹೋದರಂತೆ.
ಹೇಗೆ ಆಡಿಸಿದರು, ಅಡ್ಡಕ್ಕೋ ಉದ್ದಕ್ಕೋ,
ಯಾರೂ ಕೇಳಲಿಲ್ಲ.
ಅಂಗೀಕರಿಸಲಾಯಿತು.

ವಿಷಯ ಎರಡು: ಶಾಲೆ.
ಮಕ್ಕಳು ನಲವತ್ತೊಂದು. ಬಾಯ್ಲರು ಒಂದು,
ನನ್ನ ತಮ್ಮನ ವಯಸ್ಸಿನದು,
ಅವನ ಹಾಗೆಯೇ ಚಳಿ ಬಿದ್ದರೆ ಕೆಮ್ಮುತ್ತದೆ.
ತಲೆಗಿಷ್ಟು ಎಂದು ಸರ್ಕಾರ ಕೊಡುವ ದುಡ್ಡಿಗೆ
ನಮ್ಮಲ್ಲಿ ತಲೆಗಳು ಸಾಲವು, ಎಂದರು ಲೆಕ್ಕದವರು.
ಗಣಿತದ ಮೇಷ್ಟ್ರು ಷ್ಚೆಪಾನ್ ಎದ್ದು ನಿಂತು
'ಇರುವ ತಲೆಗಳನ್ನಾದರೂ ಬೆಚ್ಚಗಿಡೋಣ' ಎಂದರು.
ಎಲ್ಲರೂ ನಕ್ಕರು. ನಗೆಯನ್ನು ನಾನು ಬರೆಯುವುದಿಲ್ಲ.
ಮುಂದೂಡಲಾಯಿತು.

ವಿಷಯ ಮೂರು: ಬೇಸಿಗೆಯ ಬಸ್ಸು.
ಇರುವ ಬಸ್ಸು ಶಾಲೆಯದು; ಶಾಲೆಗೆ ರಜೆ ಬಂದರೆ
ಬಸ್ಸಿಗೂ ರಜೆ.
ಜೂನ್ ಕೊನೆಗೆ ಮಕ್ಕಳು ಚೀಲ ಬೀಸುತ್ತ ಇಳಿದ ಮೇಲೆ
ಹಲ್ಲುನೋವು, ಪಿಂಚಣಿ, ಕಣ್ಣಿನ ಪೊರೆ
ಎಲ್ಲವೂ ಸೆಪ್ಟೆಂಬರ್ ಒಂದರವರೆಗೆ ತಡೆದುಕೊಳ್ಳಬೇಕು.
ಎರಡು ತಿಂಗಳ ಡೀಸೆಲ್ಲು, ಚಾಲಕ ಇರೆನೇವುಷನ ಸಂಬಳ,
ಕೂಡಿಸಿದರೆ, ಅರ್ಧ ಕಂಬಗಳ ಒಂದು ವರ್ಷದ ಬೆಳಕು.
ಈ ಹೋಲಿಕೆ ನನ್ನದು. ಕಡತದಲ್ಲಿಲ್ಲ.
ಸಾರ್ವಜನಿಕರ ಅಭಿಪ್ರಾಯ? ಎಂದರು ಅಧ್ಯಕ್ಷರು
ಖಾಲಿ ಕುರ್ಚಿಗಳ ಸಾಲಿನ ಕಡೆ ನೋಡಿ.
'ಯಾರೂ ಇಲ್ಲ' ಎಂದು ಬರೆದೆ.
ಬೇಡಿಕೆ ಕಾಣದ್ದರಿಂದ ಕೈಬಿಡಲಾಯಿತು.

ಮಸಿ ಆರುವ ಮೊದಲೇ ಬಾಗಿಲು ತಳ್ಳಿದಳು ಗೆನೊವೇಫಾ ಮುದುಕಿ,
ಕಾಲ್ಚೀಲದ ತುಂಬ ಹುಲ್ಲಿನ ಬೀಜ,
ಮುಷ್ಟಿಯಲ್ಲಿ ಬೆವರಿಗೆ ಮೆತ್ತಗಾದ ಒಂದು ಚೀಟಿ.
ಹನ್ನೊಂದು ಕಿಲೋಮೀಟರು. ನಡೆದು.
'ಬಸ್ಸಿನ ವಿಷಯ ಬಂತೇ?'
ಬಂತು, ಹೋಯಿತು, ಎಂದೆ.
ಬಸ್ಸೇ ಹೋಯಿತೇನೋ ಎಂಬಂತೆ
ರಸ್ತೆಯ ಕಡೆ ತಿರುಗಿ ನೋಡಿದಳು.

ನನ್ನ ಕಾರಿನಲ್ಲೇ ಕರೆದೊಯ್ದೆ.
ವಲಯದ ದೀಪಗಳು ಆಗಷ್ಟೇ ಹೊತ್ತಿದ್ದವು,
ನಲವತ್ತೂ, ಯಾರಿಗೂ ಅಲ್ಲದೆ,
ಒಂದು ಮೊಲ ಮಾತ್ರ ರಸ್ತೆಯ ನಡುವೆ
ತನ್ನ ನೆರಳುಗಳನ್ನು ಎಣಿಸುತ್ತಿತ್ತು.
ನಿಲ್ಲಿಸು, ಎಂದಳು.
'ಇದು ನಮ್ಮ ರೈ ಹೊಲ. ಕೆಲಸ ಬರುತ್ತದೆ,
ಶಾಲೆ ಉಳಿಯುತ್ತದೆ ಅಂದರು, ಅಳೆದು ಕೊಟ್ಟೆವು.'
ದೂರಿನ ದನಿಯಲ್ಲ, ಉಪ್ಪಿನ ಬೆಲೆ ಹೇಳುವ ದನಿ.
ಅನುದಾನದ ಷರತ್ತಿಗೆಂದು ಕಟ್ಟಿದ್ದರು ಅಲ್ಲೊಂದು ಬಸ್ ತಂಗುದಾಣ:
ಗಾಜಿನ ಗೋಡೆ, ಬೀಚ್ ಮರದ ಬೆಂಚು,
ವೇಳಾಪಟ್ಟಿಗೆ ಚೌಕಟ್ಟು,
ಚೌಕಟ್ಟಿನೊಳಗೆ ಏನೂ ಇಲ್ಲ.
ಹೋಗಿ ಕೂತಳು. ಕಾಲ್ಚೀಲ ಬಿಚ್ಚಿ
ಒಂದೊಂದೇ ಬೀಜ ಕಿತ್ತು ಕಾಂಕ್ರೀಟಿನ ಮೇಲೆ ಹಾಕಿದಳು.
ಆಮೇಲೆ ಚೀಟಿ ಓದಿದಳು ನನಗೆ, ಸಭೆಗೆ ಓದುವಂತೆ, ನಿಂತು:
'ಮಂಗಳವಾರ ಒಂದು ಸಲ, ಶುಕ್ರವಾರ ಒಂದು ಸಲ.
ಆಗದಿದ್ದರೆ ಶುಕ್ರವಾರವೊಂದೇ ಸಾಕು.'
ಮನೆಯಲ್ಲಿ ಕೂತು ಬರೆಯುವಾಗಲೇ
ಅರ್ಧ ಬಿಟ್ಟುಕೊಟ್ಟಿದ್ದಳು.
ಚೀಟಿಯನ್ನು ಚೌಕಟ್ಟಿನ ಸಂದಿಗೆ ತೂರಿಸಿ
ನೆಟ್ಟಗಿದೆಯೇ ಎಂದು ಕೇಳಿದಳು.
ನೆಟ್ಟಗಿದೆ, ಎಂದೆ. ಸ್ವಲ್ಪ ಓರೆಯಿತ್ತು.

ಮರುದಿನ ಶುದ್ಧಪ್ರತಿ ತೆಗೆಯುವಾಗ
'ಯಾರೂ ಇಲ್ಲ' ಎಂಬಲ್ಲಿ 'ಒಬ್ಬರು' ಎಂದು ಬರೆದೆ.
ಇಪ್ಪತ್ತೆರಡು ವರ್ಷದಲ್ಲಿ ನಾನು ಬರೆದ ಮೊದಲ ಸುಳ್ಳು,
ಅಥವಾ ಮೊದಲ ನಿಜ.
ಅಧ್ಯಕ್ಷರು ಓದದೆ ಸಹಿ ಹಾಕಿದರು, ಎಂದಿನಂತೆ.
ನಿಯಮ ಹತ್ತೊಂಬತ್ತರ ಪ್ರಕಾರ
ಒಂದೇ ಒಂದು ಅಭಿಪ್ರಾಯ ದಾಖಲಾದರೂ
ವಿಷಯ ಮತ್ತೆ ಸಭೆಯ ಮುಂದೆ ಬರಲೇಬೇಕು.

ಮುಂದಿನ ಸಭೆ: ಆಗಸ್ಟ್ ಇಪ್ಪತ್ತೊಂಬತ್ತು.