ನಾಲ್ಕೂವರೆ ಇಂಚು

ವಾಡಿ ಜಂಕ್ಷನ್ನಿನ ಪೋಸ್ಟ್ ಆಫೀಸು.
ಒರೆಸಿದಷ್ಟೂ ಸಿಮೆಂಟಿನ ಧೂಳು ಕೂರುವ ಕೌಂಟರಿನ ಗಾಜು.
ಅದರಾಚೆ ತುಳಜಪ್ಪ ಕಾಕಾ,
ಮೂವತ್ತೊಂದು ವರ್ಷ ರೈಲ್ವೆಯ ಪಾಯಿಂಟ್ಸ್‌ಮನ್,
ಪಾಸ್‌ಬುಕ್ಕನ್ನು ಹಾಲಿನ ಪಾಕೀಟಿನಲ್ಲಿ ಸುತ್ತಿ ತಂದವರು.

‘ಎರಡು ಲಕ್ಷ ತೆಗೀಬೇಕವ್ವ, ಇವತ್ತೇ.
ಸ್ಟೇಷನ್ ಮುಂದಿನ ಲಾಡ್ಜಿನಾಗ ಒಬ್ಬಾತ ಬಂದಾನ,
ಹದಿನೆಂಟು ತಿಂಗಳಿಗೆ ಡಬಲ್ ಅಂತಾನ.
ಐದು ಗಂಟೆಯ ಗಾಡಿಗೆ ಹೋಗೇಬಿಡ್ತಾನಂತ.’

ಬ್ಯಾಡ ಅನ್ನಲು ನಾನ್ಯಾರು? ರೊಕ್ಕ ಅವರದು.
ಫಾರ್ಮಿಗೊಂದು ಗುಲಾಬಿ ಚೀಟಿ ಪಿನ್ ಮಾಡಿ ಕೊಟ್ಟೆ.
‘ಈ ರೊಕ್ಕ ಯಾತಕ್ಕಂತ ಕೂಡಿಟ್ಟಿದ್ರಿ?’
ಒಂದೇ ಸಾಲು, ಕೆಳಗೆ ಖಾಲಿ ಜಾಗ.
‘ಸ್ವಂತ ಅಕ್ಷರದಾಗ ಬರೀರಿ ಕಾಕಾ.’

ಇನ್ನೊಂದು ಮಾತೂ ಅಂದೆ,
ಯಾರದೋ ಲಕೋಟೆಗೆ ಮುದ್ರೆ ಒತ್ತುತ್ತಾ, ತಲೆ ಎತ್ತದೆ:
‘ನಿಮ್ಮ ವಯಸ್ಸಿನವರು ಹತ್ತರಾಗ ಎಂಟು ಮಂದಿ
ಒಂದು ರಾತ್ರಿ ಬಿಟ್ಟು ಬರ್ತಾರ.’
ಎಣಿಸಿರಲಿಲ್ಲ. ಯಾರೂ ಎಣಿಸಿಲ್ಲ.

ದಾರ ಕಟ್ಟಿದ ಪೆನ್ನು ಹಿಡಿದು, ಬಹಳ ಹೊತ್ತಿಗೆ
ಬರೆದರು: ರುಕ್ಮಾಬಾಯಿ ಕಣ್ಣು. ಎರಡೂ.
ಬರೆದದ್ದನ್ನು ತಾವೇ ಓದಿ, ನನ್ನ ಮುಖ ನೋಡಿದರು,
ಮಂಜಿನಲ್ಲಿ ಸಿಗ್ನಲ್ಲಿನ ಬಣ್ಣ ಯಾವುದೆಂದು ನೋಡುವ ಹಾಗೆ.

‘ಗೊತ್ತೇನವ್ವ, ಲಿವರ್ ಎಳೆದ್ರ
ಹಳಿ ಸರಿಯೋದು ನಾಲ್ಕೂವರೆ ಇಂಚು.
ಅಷ್ಟರಾಗ ರಾಯಚೂರಿನ ಗಾಡಿ
ಸಿಕಂದ್ರಾಬಾದಿನ ದಾರಿ ಹಿಡೀತದ.
ಒಳಗ ಕುಂತವರಿಗೆ ಒಂಚೂರು ಕುಲುಕಿದಂಗ ಆಗ್ತದ, ಅಷ್ಟೇ.
ನನಗ ಈಗ ಕುಲುಕ್ತು.’

ಎಂಟು ಮಂದಿಯ ಸುಳ್ಳನ್ನು ಒಪ್ಪಿಕೊಂಡೆ.
ಅವರು ನಗಲಿಲ್ಲ, ಬೈಯಲೂ ಇಲ್ಲ.
‘ಚೀಟಿ ಇರ್ಲಿ. ಎಂಟು ಮಂದೀನ ತೆಗಿ.
ಗಾಡಿ ಒಳಗ ಬಿಡೋ ಮೊದಲು
ನಾವು ಝಂಡಾ ತೋರಸ್ತಿದ್ವಿ, ಎಲ್ಲರಿಗೂ ಕಾಣೋ ಹಂಗ.’

ಫಾರ್ಮನ್ನು ಹರಿದು ಹಾಕಲಿಲ್ಲ,
ಮಡಚಿ ಹಾಲಿನ ಪಾಕೀಟಿಗೆ ಸೇರಿಸಿದರು.
ಐದರ ಗಾಡಿ ಕೂಗಿದಾಗ
ಬಾಗಿಲ ಹೊರಗಿನ ಶಹಾಬಾದ್ ಕಲ್ಲಿನ ಮೇಲೆ
ಕುಳಿತೇ ಇದ್ದರು, ಚಹಾ ಬಸಿಗೆ ಹಾಕಿ ಊದುತ್ತಾ.

ನಾಳೆ ಬರುತ್ತಾರೋ ಇಲ್ಲವೋ.
ಬಂದರೆ ಯಾವ ಫಾರ್ಮು ಹಿಡಿದು ಬರುತ್ತಾರೋ.
ಕೌಂಟರ್ ಮುಚ್ಚಿದ ಮೇಲೆ ಚೀಟಿಗಳ ಕಟ್ಟು ಬಿಚ್ಚಿ
ಒಂದೊಂದರ ಕೆಳಗೂ ಬರೆಯತೊಡಗಿದೆ:
ಇದು ನಿಮ್ಮನ್ನು ಒಂದು ಘಳಿಗೆ ತಡೀಲಿಕ್ಕೆ ಇಟ್ಟದ್ದು.
ಬ್ಯಾಡಾದ್ರ ಹರಿದು ಒಗೀರಿ.