ಒಂದೇ ಸಲ ಹೆಸರು ಹೇಳುವ ಇಲಿ

ಗಾಬ್ರೊವೊ ಊರಿನ ನಡುವೆ ಹರಿವ ಹೊಳೆಗೆ ಯಾಂತ್ರಾ ಅಂತ ಹೆಸರು.
ನಮ್ಮ ಕಿವಿಗೆ ಯಂತ್ರ. ಅಲ್ಲಿಯವರಿಗೆ ಬರೀ ನೀರು,
ಒಂದು ಕಾಲಕ್ಕೆ ಉಣ್ಣೆ ಗಿರಣಿಯ ಬಣ್ಣ ಕುಡಿದು
ಸೋಮವಾರ ಕೆಂಪಗೆ, ಗುರುವಾರ ನೀಲಿಯಾಗಿ
ಹರಿದ ನೀರು.

ದಡದ ವಾಚನಾಲಯದ ನೆಲಮಾಳಿಗೆಯಲ್ಲಿ
ವೆಲಿನ್ ಮೇಜಿನ ಕೆಳಗೆ ಮಂಡಿಯೂರಿದ್ದಾನೆ,
ಹಲ್ಲಲ್ಲಿ ಕಚ್ಚಿದ ಟಾರ್ಚು.
ಕೈಯಲ್ಲಿ ಒಂಬತ್ತು ತೂತಿನ ಮೂತಿ, ಮೂತಿಗೊಂದು ಬಾಲ,
ಬಾಲದ ಆ ತುದಿಗೆ
ಹಳೇ ಹಲ್ಲಿನ ಬಣ್ಣಕ್ಕೆ ತಿರುಗಿದ ಮೌಸು.
ಆ ಭಾಷೆಯಲ್ಲೂ ಅದು ಇಲಿಮರಿಯೇ: ಮಿಷ್ಕಾ.

‘ಹೊಸದು ತಂದುಕೊಡ್ತೀನಿ ದೋಚ್ಕಾ, ಒಂದು ಊಟದ ದುಡ್ಡು.’
‘ಹೊಸವು ಹಗುರ, ಮೀನಿನ ಹಾಗೆ ಜಾರ್ತಾವೆ.
ನನ್ನ ಕೈ ನಡುಗತ್ತೆ. ಇದಕ್ಕೆ ತೂಕ ಇದೆ, ಹಿಡಿದುಕೊಳ್ಳತ್ತೆ.’
ಯಾರು ಯಾರನ್ನು, ಅಂತ ಅವನು ಕೇಳಲಿಲ್ಲ.
ಮೌಸಿನ ಬಲಮಗ್ಗುಲಲ್ಲಿ ಹೆಬ್ಬೆರಳಿನಗಲ ಗುಳಿ:
ಎಡಚಿ ದೋಚ್ಕಾ ಹತ್ತೊಂಬತ್ತು ವರ್ಷ
ಕಂಬಳಿಗೆ ಚಿತ್ತಾರ ಬಿಡಿಸಿದ ಗುರುತು.

ಕಂಪ್ಯೂಟರಿಗೆ ಮೂವತ್ತೆರಡೇ ಎಂ.ಬಿ. ಜ್ಞಾಪಕ.
ಅದಕ್ಕೆ ತಕ್ಕ ಲಿನಕ್ಸ್ ಹುಡುಕಿ ತಂದಿದ್ದಾನೆ,
ಒಪ್ಪೊತ್ತಿನ ಊಟದಂಥದ್ದು:
ಕಿಟಕಿಗೆ ನೆರಳಿಲ್ಲ, ಗುಂಡಿಗೆ ಹೊಳಪಿಲ್ಲ,
ಏಳುವಷ್ಟರಲ್ಲಿ ಒಂದು ಕಾಫಿ ಮುಗಿಯುತ್ತದೆ, ಎರಡಲ್ಲ.
ಎಲ್ಲ ಸರಿ.
ಪರದೆಯ ನಟ್ಟನಡುವೆ ಬಾಣ ಮಾತ್ರ
ಎಮ್ಮೆಯ ಹಾಗೆ ಮಲಗಿದೆ.

ಸಾವಿರದಿನ್ನೂರು ಬಾಡ್, ಸೋರುವ ನಲ್ಲಿಯ ವೇಗ.
ಮೈಕ್ರೋಸಾಫ್ಟ್ ಅಂದು ನೋಡಿದ. ಹಂದಲಿಲ್ಲ.
ಮೌಸ್ ಸಿಸ್ಟಮ್ಸ್ ಅಂದ. ಬಾಣ ಚಂಗನೆದ್ದು
ಮೂಲೆಗೆ ಹಾರಿ, ಯಾರೂ ಒತ್ತದ ಗುಂಡಿ ತಾನೇ ಒತ್ತಿ,
ಮತ್ತೆ ಸತ್ತ ಹಾಗೆ ಬಿತ್ತು.
‘ಅದು ಹೇಳ್ತಾ ಇದೆ, ನಿನಗೆ ಅರ್ಧ ಕೇಳ್ತಿದೆ,’ ಅಂದಳು ದೋಚ್ಕಾ.
‘ನನ್ನ ಗಂಡನೂ ಹಾಗೇ ಇದ್ದ.’

ಬೇಸರ ಕಳೆಯಲು ಹೊಟ್ಟೆಯ ಮುಚ್ಚಳ ತಿರುಗಿಸಿದ.
ಗುಂಡು ಅಂಗೈಗೆ ಬಿತ್ತು.
ಒಳಗಿನ ಉರುಳೆಗಳಿಗೆ ಸುತ್ತಿಕೊಂಡಿದ್ದ ನಾರನ್ನು
ಪಿನ್ನಿನಿಂದ ಕೀಳಿ ಊದುವ ಹೊತ್ತಿಗೆ
‘ತಡಿ, ತಡಿ’ ಅಂದಳು.
ಎರಡು ಬೆರಳ ನಡುವೆ ಹೊಸೆದು ದೀಪಕ್ಕೆ ಹಿಡಿದಳು.
‘ಗುರುವಾರದ್ದು,’ ಅಂದಳು. ‘ರೈಲ್ವೆಯ ಕಂಬಳಿ.
ಆಮೇಲೆ ಅವರೂ ಕೊಳ್ಳಲಿಲ್ಲ, ನಾವೂ ನೇಯಲಿಲ್ಲ.’
ಬಸ್ಸಿನ ಟಿಕೀಟಿನಲ್ಲಿ ಮಡಿಸಿ ಪರ್ಸಿಗೆ ಹಾಕಿಕೊಂಡಳು.

ಇಂಥ ಇಲಿಗೆ ಬೇರೆ ಅನ್ನವಿಲ್ಲ.
‘ಕೇಳುತ್ತಿದ್ದೇನೆ, ಹೇಳು’ ಎಂದು ಆ ಬದಿಯವರು
ಎತ್ತಿ ಹಿಡಿವ ತಂತಿಯ ಚೂರು ವಿದ್ಯುತ್ತೇ
ಅದರ ಹೊಟ್ಟೆಪಾಡು.
ತಂತಿಗೆ ಜೀವ ಬಂದ ಕ್ಷಣ ಒಂದಕ್ಷರ ಹೇಳುತ್ತದೆ: ಎಂ.
ಅದೇ ಅದರ ಹೆಸರು, ಕುಲ, ಗೋತ್ರ.
ಒಂದೇ ಸಲ.

ಸಂಜೆ ಏಳಕ್ಕೆ ವೆಲಿನ್‌ಗೆ ಹೊಳೆಯಿತು.
ಆ ದಾರಿಯಲ್ಲಿ ಮೊದಲೇ ಒಬ್ಬ ಕಾವಲಿನವ ಕೂತಿದ್ದ,
ಯಾವುದೋ ಕಾಲದಲ್ಲಿ ಯಾರೋ ಕೂರಿಸಿ ಮರೆತವನು.
‘ಲಾಗಿನ್?’ ಎನ್ನುತ್ತಿದ್ದ ಇಲಿಗೆ,
ಎಂ ಎಂಬುದನ್ನು ನುಂಗಿ
ಹೆಸರಿನ ಉಳಿದರ್ಧಕ್ಕೆ ಕಾಯುತ್ತಿದ್ದ,
ಬಂದ ಮಾತಲ್ಲಿ ಎರಡಕ್ಕೊಂದು ತಾನೇ ತಿನ್ನುತ್ತಿದ್ದ.

ಕಡತ ತೆರೆದು ಆ ಒಂದು ಸಾಲಿನ ಹಣೆಗೆ
ಅಡ್ಡಗೆರೆ ಉದ್ದಗೆರೆಯ ಪುಟ್ಟ ಜಾಲರಿ ಇಟ್ಟ.
ಕಾವಲಿನವ ಎದ್ದುಹೋದ.
ತಂತಿ ಇಳಿಸಿದ. ಮೂರು ಎಣಿಸಿದ. ಎತ್ತಿದ.

ಎಂ.

ಆಮೇಲೆ ಹೆಜ್ಜೆಗೆ ಮೂರು ಬೈಟು:
ಗುಂಡಿ ಒತ್ತಿದೆಯೋ, ಅಡ್ಡಕ್ಕೆಷ್ಟು, ಉದ್ದಕ್ಕೆಷ್ಟು.
ಅಷ್ಟು ಬಿಟ್ಟು ಅದು ಬೇರೇನೂ ಆಡುವುದಿಲ್ಲ.

ದೋಚ್ಕಾ ಕುರ್ಚಿ ಎಳೆದುಕೊಂಡು ಕೂತಳು.
ಹೆಬ್ಬೆರಳು ತನ್ನ ಗುಳಿಗೆ ತಾನೇ ಇಳಿಯಿತು.
ಖಾಲಿ ಹಾಳೆಯ ಮೇಲೆ, ಎಡದಿಂದ ಬಲಕ್ಕೆ
ಒಂದು ಗೆರೆ ಎಳೆದಳು.
ನಡುವೆ ಗೆರೆ ಸಣ್ಣಗೆ ಅದುರಿತು.

ವೆಲಿನ್ ಮತ್ತೆ ಟಾರ್ಚು ಕಚ್ಚಿ
ಮೇಜಿನ ಕೆಳಗೆ ಬಗ್ಗಿದ.
‘ಏಳು, ಏಳು,’ ಅಂದಳು. ‘ಅದು ನನ್ನದು.’