ಬೆಲ್ಟು ಸಡಿಲಿತ್ತು

ಬೈತಖೋಲದ ಧಕ್ಕೆಗೆ ಡಾಂಬರು ತಂದ ಹಡಗಿನ
ಅಡಿಗೆಯವನೊಬ್ಬ, ಎರಡು ಕಿಲೊ ಸಿಗಡಿಗೆ ಬದಲಾಗಿ
ಇನಾಸನ ಕೈಗಿಟ್ಟ ಕ್ಯಾಸೆಟ್ಟು ಅದು.
ಹೆಸರಿನ ಮೇಲೆ ಉಪ್ಪುನೀರು ಕೂತು ಶಾಯಿ ಎದ್ದುಹೋಗಿತ್ತು.
ಉಳಿದದ್ದು ಒಂದು ಸತ್ತ ಮರ,
ಅದರ ಹಿಂದೆ ಚರ್ಚೋ ಕಾರ್ಖಾನೆಯೋ,
ಮೂಲೆಯಲ್ಲಿ ಅಮೆರಿಕ ಎಂಬ ಸಣ್ಣ ಅಕ್ಷರ.

ತೊಂಬತ್ತಾರನೆಯ ಇಸವಿ.
ದತ್ತಾ ಕೊಳಂಬಕರನ ಟೇಪ್‌ರೆಕಾರ್ಡರಿನಲ್ಲಿ ಅದು ಸುತ್ತತೊಡಗಿದಾಗ
ಗಿಟಾರೊಂದು ಎದ್ದು ನಿಲ್ಲಲಿಕ್ಕೇ
ಒಂದು ಬೀಡಿ ಸುಡುವಷ್ಟು ಹೊತ್ತು.
ಡ್ರಮ್ಮಿನ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ
ದತ್ತಾನ ಅಮ್ಮ ಹೊರಗೆ ಬಂದು, ಯಾರು ಸತ್ತರು, ಎಂದು ಕೇಳಿ
ಉತ್ತರಕ್ಕೆ ಕಾಯದೆ ಒಳಗೆ ಹೋದಳು.
ಸೆಲ್ಲು ಬದಲಿಸಿದೆವು. ಹಾಗೇ ಇತ್ತು.
ಸರಿ, ಇದು ಇರುವುದೇ ಹೀಗೆ ಎಂದು ಒಪ್ಪಿಕೊಂಡೆವು.
ಒಪ್ಪಿಕೊಂಡ ಮೇಲೆ ಬೇರೆ ಯಾವುದೂ ರುಚಿಸಲಿಲ್ಲ.

ಹಾಗೆ ಹುಟ್ಟಿತು ನಮ್ಮ ಬ್ಯಾಂಡು, ‘ಸುಕತಿ’,
ಅಂದರೆ ಇಳಿತ, ನೀರು ಹಿಂದೆ ಹೋಗುವ ಹೊತ್ತು.
ಇನಾಸ್ ಇಗರ್ಜಿಯ ಗಿಟಾರು ತಂದು
ತಂತಿಗಳನ್ನು ಒದ್ದೆ ಹಗ್ಗದ ಹಾಗೆ ಜೋತುಬೀಳಿಸಿದ.
ನನ್ನ ಬಾಸಿನ ಒಂದು ತಂತಿ ಬೈಕಿನ ಕ್ಲಚ್ ಕೇಬಲ್ಲು.
ಹಾಡಲಿಕ್ಕೆ ಪುಂಡಲೀಕ ದುರ್ಗೇಕರ,
ಐಸ್ ಫ್ಯಾಕ್ಟರಿಯ ರಾತ್ರಿಪಾಳಿಯವನು.
ಅಭ್ಯಾಸವೂ ಅದರ ಹಿತ್ತಿಲಲ್ಲೇ,
ಕಂಪ್ರೆಸರಿನ ಗುಂಯ್ ನಮ್ಮ ಶ್ರುತಿ.

ತಾಳ ಮಾತ್ರ ಕೂಡಿಬರಲೊಲ್ಲದು.
ಎರಡು ಪೆಟ್ಟಿನ ನಡುವಿನ ಹಳ್ಳದಲ್ಲಿ
ನಾಲ್ವರೂ ಬೇರೆಬೇರೆ ಕಡೆ ಬೀಳುತ್ತಿದ್ದೆವು.
ಒಂದು ಬೆಳಿಗ್ಗೆ ದತ್ತಾ ನಮ್ಮನ್ನು ದಂಡೆಗೆ ಕರೆದೊಯ್ದ.
ಅವನಪ್ಪನ ರಂಪಣಿ. ಎರಡೂ ತುದಿಗೆ ಮೂವತ್ತು ಮೂವತ್ತು ಜನ
ಹಿಮ್ಮಡಿ ಮರಳಿಗೆ ಹೂತು, ಬೆನ್ನು ನೆಲದ ಕಡೆ ವಾಲಿಸಿ
ಒಂದು ಎಳೆತ.
ಆಮೇಲೆ ಏನೂ ಇಲ್ಲ.
ಸಮುದ್ರ ತನ್ನ ಪಾಲನ್ನು ಎಳೆದುಕೊಳ್ಳುವವರೆಗೆ ಏನೂ ಇಲ್ಲ.
ಮತ್ತೆ ಒಂದು ಎಳೆತ.
“ಎಣಿಸಬೇಡಿ” ಅಂದ ಮುದುಕ, “ಭಾರವೇ ಹೇಳ್ತದೆ.”

ಒಟ್ಟು ಮೂರು ಕಾರ್ಯಕ್ರಮ.
ಕಾಜುಬಾಗದ ಗಣಪತಿ ಪೆಂಡಾಲಿನಲ್ಲಿ ಎರಡನೆಯ ಹಾಡಿಗೆ
ಕರೆಂಟು ಹೋಯಿತು. ಹೋಗಲಿಲ್ಲ, ತೆಗೆದರು.
ಇನಾಸನ ಅಕ್ಕನ ರೋಸಿನ ರಾತ್ರಿ
ಒಬ್ಬ ಅಜ್ಜ ಮಾತ್ರ ಕುಣಿದ, ಒಂದು ಹಾಡಿಗೆ ಒಂದೇ ಹೆಜ್ಜೆ.
ಮೂರನೆಯದು ಅರಗಾದ ಕಡೆ,
ನೌಕಾನೆಲೆಗೆಂದು ಖಾಲಿಯಾಗುತ್ತಿದ್ದ ಒಂದು ಕೇರಿಯಲ್ಲಿ.
ಹೆಂಚು ಇಳಿಸಿದ ಮನೆಗಳು, ಲಾರಿಗೆ ಏರುತ್ತಿದ್ದ ಕಪಾಟು, ಒರಳು, ಬಲೆ,
ಜನರೇಟರಿನ ಹೊಗೆ. ನುಡಿಸಿದೆವು.
ಬೇಗ ಮುಗಿಸಿ ಎಂದು ಅಲ್ಲಿ ಯಾರೂ ಹೇಳಲಿಲ್ಲ.

ಆಮೇಲೆ ಇನಾಸ್ ಹಡಗು ಹತ್ತಿದ, ಅಡಿಗೆಯವನಾಗಿ.
ಪುಂಡಲೀಕನ ಗಂಟಲಿನದು ಶೀತವಲ್ಲ ಎಂದರು
ಮಣಿಪಾಲದ ಡಾಕ್ಟರು.
ನಾನು ವಿಂಚು ರಿಪೇರಿ ಕಲಿತೆ.

ಮೊನ್ನೆ ದತ್ತಾನ ಮಗಳು ಶರ್ವಾಣಿ ಮೊಬೈಲು ಹಿಡಿದು ಬಂದಳು:
“ನೀನು ಗುನುಗೋದು ಇದೇ ಅಲ್ವಾ, ಕಾಕಾ?”
ಅದೇ. ಆದರೆ ಓಡುತ್ತಿತ್ತು.
ಬಸ್ಸು ತಪ್ಪುತ್ತದೆ ಎಂಬಂತೆ ಓಡುತ್ತಿತ್ತು.
ಅವಳು ಓದಿ ಹೇಳಿದಳು: ಮುಚ್ಚಿದ ಗಿರಣಿಯ ಊರಿನ ನಾಲ್ವರು,
ಒಬ್ಬನ ಮನೆಯ ನೆಲಮಾಳಿಗೆ, ಬಿಟ್ಟುಹೋದ ಇಬ್ಬರು ಡ್ರಮ್ಮರು,
ಒಂದೇ ಆಲ್ಬಮ್ಮು. ಹಾಡುವವನು ಈಗ ರಸ್ತೆಯ ಹಿಮ ಬಳಿಯುತ್ತಾನಂತೆ.
“ನೋಡು, ಲೋಕದಲ್ಲೇ ಅತಿ ನಿಧಾನದವರಲ್ಲಿ ಇವರೂ ಒಬ್ಬರಂತೆ!”

ದತ್ತಾ ಅಟ್ಟದಿಂದ ಟೇಪ್‌ರೆಕಾರ್ಡರ್ ಇಳಿಸಿ ಬಿಚ್ಚಿದ.
ಒಳಗಿನ ಬೆಲ್ಟು ಉಪ್ಪುಗಾಳಿಗೆ ಹಿಗ್ಗಿ
ಹಳೆಯ ಚಡ್ಡಿಯ ಲಾಡಿಯ ಹಾಗೆ.
ಐದು ವರ್ಷ ನಾವು ಶ್ರದ್ಧೆಯಿಂದ ಕಲಿತದ್ದು
ಒಂದು ರಬ್ಬರಿನ ಸುಸ್ತನ್ನು.
ನಕ್ಕೆವು, ಕೆಮ್ಮು ಬರುವಷ್ಟು ನಕ್ಕೆವು.

ನಲವತ್ತು ರೂಪಾಯಿಗೆ ಹೊಸ ಬೆಲ್ಟು ತಂದ, ಹಾಕಲು ಹೋದ,
ತಡೆದ.
ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ನಾವಿದ್ದೇವೆ,
ಇದೇ ಯಂತ್ರ, ಇದೇ ಸಡಿಲಿನಲ್ಲಿ ಹಿಡಿದದ್ದು.
ಬೆಲ್ಟು ಬಿಗಿಯಾದರೆ ಪುಂಡಲೀಕ
ಅವಸರದ ಹುಡುಗನಂತೆ ಕೀರಲು ದನಿಯಲ್ಲಿ ಹಾಡಿ
ಮುಗಿಸಿಬಿಡುತ್ತಾನೆ.

ಹೊಸದನ್ನು ಅಂಗಿಯ ಜೇಬಿಗೆ ಹಾಕಿಕೊಂಡ.
ಹಳೆಯದನ್ನೇ ಉಗುರಿನಿಂದ ಎತ್ತಿ, ಗಾಲಿಗೆ ಏರಿಸಿ
ಗುಂಡಿ ಒತ್ತಿದ.
ಐಸ್ ಫ್ಯಾಕ್ಟರಿಯ ಗುಂಯ್.
ಯಾರೋ ಉಸಿರು ಎಳೆದುಕೊಳ್ಳುತ್ತಿದ್ದಾರೆ.
“ಸೆಲ್ಲು ಮುಗಿದಿದೆಯಾ?” ಅಂದಳು ಶರ್ವಾಣಿ.